ಎಲ್ಲರ ಬೀಗದಕೈ ನನ್ನ ಹತ್ತಿರವಿದ್ದ ಆಷಾಢ

ಹೋದ ವಾರ ತಿಪಟೂರಿನಲ್ಲಿ ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಸೋನೆ ಹಿಡಿಯಿತು. ಛತ್ರಿ ತಂದಿರಲಿಲ್ಲ, ಸಿಕ್ಕಿದ ಅಂಗಡಿಯ ಸೂರಿನಡಿ ನಿಂತೆ. ಎದುರಿಗೆ ಕೊಬ್ಬರಿ ಚೀಲ ಹೇರಿದ ಲಾರಿಯ ಮೇಲೆ ಇಬ್ಬರು ಟಾರ್ಪಾಲು ಎಳೆದು ಕಟ್ಟುತ್ತಿದ್ದರು. ನೆನೆದ ಗೋಣಿಯದ್ದೂ ಒಣಗಿದ ಕೊಬ್ಬರಿಯದ್ದೂ ಸೇರಿದ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಎಲ್ಲಿ ನಿಂತಿದ್ದೇನೆಂದು ತಿರುಗಿ ನೋಡಬೇಕಾಗಲಿಲ್ಲ. ಆರು ವರ್ಷ ನಾನೇ ಬಾಡಿಗೆಗೆ ಹಿಡಿದಿದ್ದ ಮಳಿಗೆ ಅದು. ಈಗ ಅಲ್ಲಿ ಪ್ಲಾಸ್ಟಿಕ್ ಬಿಂದಿಗೆ, ಕುರ್ಚಿ ಮಾರುತ್ತಾರೆ.

ಆಗ ಅಲ್ಲಿ ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಯಂತ್ರ, ಒಂದು ಫ್ಯಾನು ಮತ್ತು ನಾನು, ಇಷ್ಟೇ ಇದ್ದದ್ದು. ಅರ್ಜಿ ತುಂಬಿಕೊಡುವುದು, ಪಹಣಿ ತೆಗೆದುಕೊಡುವುದು, ಮಕ್ಕಳ ಫಲಿತಾಂಶ ನೋಡಿ ಹೇಳುವುದು, ಲಗ್ನಪತ್ರಿಕೆ ಟೈಪು ಮಾಡುವುದು ನನ್ನ ಕೆಲಸ. ಆ ರಸ್ತೆಯಲ್ಲಿ ನನ್ನಷ್ಟು ಕಂಪ್ಯೂಟರು ಗೊತ್ತಿದ್ದವರು ಬೇರೆ ಯಾರೂ ಇಲ್ಲವೆಂದು ನಾನು ನಂಬಿದ್ದೆ. ಬಂದವರೂ ಹಾಗೇ ಅನ್ನುತ್ತಿದ್ದರು. ದಿನಾ ಕಿವಿಗೆ ಬೀಳುವ ಹೊಗಳಿಕೆ ತಲೆಗೇರದೆ ಇರುತ್ತದೆಯೇ?

ಕೊಬ್ಬರಿ ಹರಾಜಿನ ದಿನ ಸುತ್ತಲ ಹಳ್ಳಿಯವರು ಊರಿಗೆ ಬಂದರೆ, ಮೊದಲು ಗೊತ್ತಿರುವ ಒಂದು ಅಂಗಡಿಗೆ ಹೋಗಿ ಚೀಲ, ಛತ್ರಿ ಇಟ್ಟು "ನೋಡ್ಕಳವ್ವ, ಬತ್ತೀನಿ" ಎಂದು ಹೊರಡುವುದು ವಾಡಿಕೆ. ಅದಕ್ಕೆ ಚೀಟಿ ಇಲ್ಲ, ಗುರುತಿಲ್ಲ. ಕೆಲವರು ಮನೆಯ ಬೀಗದಕೈಯನ್ನೂ ಕೊಟ್ಟು ಹೋಗುತ್ತಿದ್ದರು, ಹಿಂದಿನ ಬಸ್ಸಿಗೆ ಬರುವ ಹೆಂಡತಿ ಇಸಿದುಕೊಳ್ಳಲಿ ಎಂದು. ಪಾಸ್‌ವರ್ಡುಗಳೂ ಹೀಗೇ ನನ್ನಲ್ಲಿ ಬಂದು ಸೇರಿದವು. ಅರ್ಜಿ ಹಾಕಲು ಇಮೇಲ್ ಬೇಕು, ಇಮೇಲಿಗೆ ಪಾಸ್‌ವರ್ಡ್ ಬೇಕು. ನಾನು ಮಾಡಿ, ಚೀಟಿಯಲ್ಲಿ ಬರೆದು ಕೈಗಿಟ್ಟರೆ ವಾಪಸು ನನ್ನ ಮೇಜಿನ ಮೇಲೇ ಇಡುತ್ತಿದ್ದರು. "ನಾವೆಲ್ಲಿ ಇಟ್ಕಳಾನ, ನಿನ್ ಹತ್ರನೇ ಇರ್ಲಿ." ಹೀಗೆ ಬಂದವನ್ನೆಲ್ಲ ಊರಿನ ಪ್ರಕಾರ ಒಂದೇ ಫೈಲಿನಲ್ಲಿ ಬರೆದಿಟ್ಟು, ಅದಕ್ಕೆ "ಎಲ್ಲಾ" ಎಂದು ಹೆಸರು ಕೊಟ್ಟಿದ್ದೆ. ಕಂಪ್ಯೂಟರು ತೆರೆದರೆ ಕಣ್ಣೆದುರಿಗೇ ಇರುತ್ತಿತ್ತು. ಬೇಗ ಸಿಗುತ್ತದಲ್ಲ ಎಂದು ನನಗೆ ಅದು ಹೆಮ್ಮೆ.

ಆ ವರ್ಷ ಆಷಾಢದ ಗಾಳಿ ಬಲವಾಗಿತ್ತು. ದಿನಕ್ಕೆ ಐದಾರು ಸಲ ಕರೆಂಟು ಹೋಗಿ ಬರುತ್ತಿತ್ತು. ಅದೇ ಹೊತ್ತಿಗೆ ಒಂದು ಸ್ಮರಣ ಸಂಚಿಕೆಯ ಕೆಲಸ ಬಂತು, ಇನ್ನೂರು ಪುಟ. ಎಲ್ಲಾ ಹಳೆಯ ಕಾಲದ ಕನ್ನಡ ಅಕ್ಷರದಲ್ಲಿ ಟೈಪಾಗಿದ್ದವು, ಈಗಿನ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಚುಕ್ಕಿ, ಕೊಕ್ಕೆ. ಮತ್ತೆ ಕೂತು ಟೈಪಿಸಿದರೆ ಎರಡು ತಿಂಗಳು. ಟೈಪಿಂಗ್ ಅಂಗಡಿಯವರದ್ದೇ ಒಂದು ಮೊಬೈಲ್ ಗುಂಪಿತ್ತು. ಅಲ್ಲಿ ಕೇಳಿದೆ. ಯಾರೋ ಒಬ್ಬರು ಒಂದು ಕೊಂಡಿ ಹಾಕಿದರು. ಹಳೆಯ ಅಕ್ಷರವನ್ನು ಹೊಸದಕ್ಕೆ ಬದಲಾಯಿಸುವ ತಂತ್ರಾಂಶವಂತೆ, ಪುಕ್ಕಟೆ. ಜೊತೆಗೊಂದು ಸೂಚನೆಯಿತ್ತು: ಹಾಕಿಕೊಳ್ಳುವ ಮುಂಚೆ ಆಂಟಿವೈರಸ್ ಆಫ್ ಮಾಡಿ, ಇಲ್ಲದಿದ್ದರೆ ಅದು ತಪ್ಪು ತಿಳಿದು ಇದನ್ನು ಅಳಿಸಿಬಿಡುತ್ತದೆ.

ಈಗ ಯೋಚಿಸಿದರೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಮನೆಗೆ ಬರುವ ನೆಂಟ ಮೊದಲು ನಾಯಿ ಕಟ್ಟಿಹಾಕಿ ಎಂದರೆ ಸರಿ, ಕಟ್ಟುತ್ತೇವೆ. ಆದರೆ ಗುರುತು ಪರಿಚಯ ಇಲ್ಲದವನು ಹೇಳಿದರೆ? ನಾನು ಕಟ್ಟಿದೆ. ತಂತ್ರಾಂಶ ಚೆನ್ನಾಗಿಯೇ ಕೆಲಸ ಮಾಡಿತು, ಇನ್ನೂರು ಪುಟ ಅರ್ಧ ದಿನದಲ್ಲಿ ತಿರುಗಿತು. ಆ ಖುಷಿಯಲ್ಲಿ ಆಂಟಿವೈರಸ್ಸನ್ನು ಮತ್ತೆ ಆನ್ ಮಾಡುವುದನ್ನೇ ಮರೆತೆ.

ಮುಂದಿನ ವಾರದಿಂದ ಕಂಪ್ಯೂಟರು ಸುಮ್ಮನೆ ಕೂತಿದ್ದರೂ ಅದರೊಳಗಿನ ಫ್ಯಾನು ಗುರುಗುಟ್ಟತೊಡಗಿತು. ನಾನು ಏನೂ ಮಾಡದಿದ್ದರೂ ಇಂಟರ್ನೆಟ್ ಡಬ್ಬದ ದೀಪ ಪಿಳಿಪಿಳಿ ಅನ್ನುತ್ತಿತ್ತು. ಕರೆಂಟಿನ ಏರಿಳಿತ ಅಂದುಕೊಂಡೆ. ಆಷಾಢದಲ್ಲಿ ಏನು ಕೆಟ್ಟರೂ ಗಾಳಿಯ ಮೇಲೆ ಹಾಕುವುದು ನಮ್ಮ ಕಡೆ ಸುಲಭ.

ಹಾಲ್ಕುರಿಕೆಯ ರುದ್ರಣ್ಣ ಬಂದದ್ದು ಆಗಲೇ. ಅರವತ್ತು ದಾಟಿದ ಮನುಷ್ಯ, ತೆಂಗಿನ ಸಸಿ ಬೆಳೆಸುವುದರಲ್ಲಿ ಎತ್ತಿದ ಕೈ. ಯಾವ ಮರದ ಕಾಯಿ ಬಿತ್ತನೆಗೆ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಬುಡದಲ್ಲಿ ನಿಂತು ತಲೆಯೆತ್ತಿ ನೋಡಿಯೇ ಹೇಳುತ್ತಿದ್ದರು. ದೂರದೂರದವರು ಸಸಿ ಬೇಕೆಂದು ಅವರಿಗೆ ಇಮೇಲ್ ಬರೆಯುತ್ತಿದ್ದರು. ತೋಟದ ಬೋರ್ಡಿನಲ್ಲಿ ತಮ್ಮ ಹೆಸರಿಗಿಂತ ದಪ್ಪಗೆ ಇಮೇಲ್ ವಿಳಾಸ ಬರೆಸಿದ್ದರು. ಆ ಇಮೇಲ್ ಮಾಡಿಕೊಟ್ಟವಳು ನಾನು. ಪತ್ರ ಬಂದದ್ದು ಗೊತ್ತಾಗಲೆಂದು ಅವರ ತಮ್ಮ ಬಸವರಾಜುವಿನ ಮೊಬೈಲಿಗೂ ಹಾಕಿಕೊಟ್ಟಿದ್ದೆ, ರುದ್ರಣ್ಣನ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು.

ಅವರ ಇಮೇಲಿನಿಂದ ಯಾರೋ ಪತ್ರ ಕಳಿಸಿದ್ದರು. ಸಸಿ ಕೇಳಿದವರಿಗೆಲ್ಲ, ಮುಂಗಡವನ್ನು ಈ ಹೊಸ ನಂಬರಿಗೆ ಕಳಿಸಿ ಎಂದು. ಹೊಸದುರ್ಗದ ಕಡೆಯ ಒಬ್ಬ ರೈತ ಕಳಿಸಿ, ಸಸಿ ಬಾರದೆ, ಅಷ್ಟು ದೂರದಿಂದ ಬಂದು ತೋಟದ ಬಾಗಿಲಲ್ಲಿ ನಿಂತು ಬಾಯಿಗೆ ಬಂದಂತೆ ಬೈದು ಹೋಗಿದ್ದ. ನಲವತ್ತು ವರ್ಷ ಒಬ್ಬರಿಂದ ಒಂದು ಮಾತು ಕೇಳದಿದ್ದ ಮನುಷ್ಯ ನನ್ನ ಮುಂದೆ ಕೂತು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ನಾನು ಹೇಳಿದ್ದು ಒಂದೇ ಮಾತು: ನೀವೇ ಯಾರಿಗೋ ಪಾಸ್‌ವರ್ಡ್ ಹೇಳಿರಬೇಕು. ಅಲ್ಲೇ ಅದನ್ನು ಬದಲಾಯಿಸಿ, ಬಸವರಾಜುವನ್ನು ಕರೆಸಿ ಅವನ ಮೊಬೈಲಿಗೂ ಹಾಕಿ, ಇನ್ನು ಯಾರಿಗೂ ಹೇಳಬೇಡಿ ಎಂದು ಬುದ್ಧಿ ಹೇಳಿ ಕಳಿಸಿದೆ. ಅವರು ಅತ್ತ ಹೋಗುತ್ತಲೇ ಹೊಸದನ್ನು "ಎಲ್ಲಾ" ಫೈಲಿನಲ್ಲಿ ಬರೆದಿಟ್ಟೆ.

ಹತ್ತು ದಿನ ಕಳೆಯುವಷ್ಟರಲ್ಲಿ ಮತ್ತೆ ಅಂಥವೇ ಪತ್ರ ಹೋದವು. ಈ ಸಲ ರುದ್ರಣ್ಣ ಮುಖ ಒರೆಸಿಕೊಳ್ಳಲಿಲ್ಲ. ನೆಟ್ಟಗೆ ಕೂತು, ತಗ್ಗಿದ ದನಿಯಲ್ಲಿ ಹೇಳಿದರು.

"ಆ ಗುಟ್ಟು ಗೊತ್ತಿದ್ದೋರು ಮೂರೇ ಜನ ಕಣವ್ವ. ನಾನು, ಬಸ್ರಾಜ, ನೀನು. ನಿನ್ ಮ್ಯಾಲೆ ಅನ್ಮಾನ ಪಟ್ರೆ ನನ್ ಬಾಯಿಗೆ ಹುಳ ಬೀಳ್ತವೆ. ಇನ್ನುಳಿದೋನು ಯಾರು, ನೀನೇ ಹೇಳು."

ನನ್ನ ಮೇಲೆ ಬರಲಿಲ್ಲವಲ್ಲ ಎಂದು ಒಳಗೊಳಗೇ ಸಮಾಧಾನವಾಯಿತು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆ.

ಎರಡು ದಿನ ಬಿಟ್ಟು ಒಂದು ಮಧ್ಯಾಹ್ನ ಅಂಗಡಿಯಲ್ಲಿ ಊಟದ ಡಬ್ಬಿ ಬಿಚ್ಚಿ ಕೂತಿದ್ದೆ. ಮೌಸು ಮೇಜಿನ ಮೇಲೆ ತನ್ನಷ್ಟಕ್ಕೆ ಬಿದ್ದಿತ್ತು. ಪರದೆಯ ಮೇಲಿನ ಬಾಣ ನಿಧಾನವಾಗಿ ಎಡಕ್ಕೆ ಹೋಯಿತು, ನಿಂತಿತು, "ಎಲ್ಲಾ" ಫೈಲನ್ನು ತೆರೆಯಿತು. ಪುಟ ಕೆಳಗೆ ಸರಿಯಿತು. ತುರುವೇಕೆರೆ ಕಡೆಯವರು, ಕಂದಿಕೆರೆಯವರು, ಹಾಲ್ಕುರಿಕೆಯವರು. ಮನೆಯೊಳಗೆ ಯಾರೋ ಅಪರಿಚಿತರು ಓಡಾಡುವುದನ್ನು ಕಿಟಕಿಯಿಂದ ನೋಡಿದ ಹಾಗೆ ನೋಡುತ್ತಾ ಕೂತೆ. ಆಮೇಲೆ ಎದ್ದು ಸ್ವಿಚ್ಚು ಆರಿಸಿದೆ. ಕೈಯಲ್ಲಿ ಮುದ್ದೆ ಮುರಿದದ್ದು ಹಾಗೇ ಇತ್ತು.

ಅನ್ವರ್ ಭಾಯ್ ಎಂದು ಒಬ್ಬರಿದ್ದರು. ಮೊದಲು ರೇಡಿಯೋ, ಆಮೇಲೆ ಟಿವಿ, ಈಗ ಕಂಪ್ಯೂಟರ್ ರಿಪೇರಿ. ಮಾತು ಕಮ್ಮಿ, ಕೆಲಸ ನಿಧಾನ. ನಾನು ಅವರನ್ನು ಹಳೆಯ ಕಾಲದವರೆಂದು ಅಷ್ಟಾಗಿ ಲೆಕ್ಕಕ್ಕೆ ಇಟ್ಟಿರಲಿಲ್ಲ. ಈಗ ಅವರನ್ನೇ ಕರೆಸಿದೆ. ಬಂದವರು ಮೊದಲು ಇಂಟರ್ನೆಟ್ ವೈರು ಕಿತ್ತರು. ಆಮೇಲೆ ಕಂಪ್ಯೂಟರು ಆನ್ ಮಾಡಿದರು. ಒಳಗೆ ಏನಿದೆಯೋ ಆಮೇಲೆ ನೋಡೋಣ, ಮೊದಲು ಅದು ಹೊರಗಿನವರ ಹತ್ತಿರ ಮಾತಾಡುವುದು ನಿಲ್ಲಲಿ ಎಂದರು. ಪೆನ್‌ಡ್ರೈವ್ ಚುಚ್ಚಲು ಹೋದ ನನ್ನ ಕೈ ತಡೆದು, ಅದರ ಮೂಲಕ ಇನ್ನೊಂದು ಕಂಪ್ಯೂಟರಿಗೂ ಹತ್ತಿಸಬೇಡಿ ಎಂದರು.

ಕಂಪ್ಯೂಟರು ಶುರುವಾದಾಗ ಯಾರೂ ಕರೆಯದೆ ತಾವೇ ಎದ್ದು ಕೂರುವ ಪ್ರೋಗ್ರಾಮುಗಳ ಪಟ್ಟಿ ಇರುತ್ತದೆ. ಅದನ್ನು ತೆರೆದು ಒಂದೊಂದನ್ನೇ ಓದುತ್ತಾ ಹೋದರು. ಒಂದು ಪ್ರಿಂಟರಿನ ಹೆಸರಿಟ್ಟುಕೊಂಡಿತ್ತು, ಆದರೆ ಇದ್ದ ಜಾಗ ಪ್ರಿಂಟರಿನ ಫೈಲುಗಳು ಇರುವ ಜಾಗವಲ್ಲ. ಅದು ಬಂದು ಸೇರಿದ ದಿನ ಯಾವುದೆಂದು ತೋರಿಸಿ, ಅವತ್ತು ಏನು ಹಾಕಿದಿರಿ ಎಂದು ಕೇಳಿದರು. ಸ್ಮರಣ ಸಂಚಿಕೆಯ ಕತೆ ಹೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ.

"ಇದಕ್ಕೆ ಬ್ಯಾಕ್‌ಡೋರ್ ಅಂತಾರೆ ಶಾರದಮ್ಮ. ಇದೇ ಕಳ್ಳ ಅಲ್ಲ. ಒಳಗಿದ್ಕಂಡು ಕಳ್ಳಂಗೆ ಹಿತ್ಲ ಬಾಗ್ಲು ತೆಗೆಯೋದು. ಮುಂದಿನ್ ಬಾಗ್ಲಿಗೆ ನೀವು ಎಷ್ಟ್ ಬೀಗ ಹಾಕುದ್ರೂ ಅವ್ನಿಗೇನು?"

ಹೊಸ ಪಾಸ್‌ವರ್ಡ್ ಹತ್ತು ದಿನದಲ್ಲಿ ಹೇಗೆ ಹೋಯಿತೆಂದು ನನಗೆ ಆಗ ಹೊಳೆಯಿತು. ಬಸವರಾಜುವಲ್ಲ. ಕಳ್ಳ ನೋಡುತ್ತಿದ್ದ ಪುಸ್ತಕದಲ್ಲೇ ನಾನು ಹೊಸದನ್ನೂ ಬರೆದಿಟ್ಟಿದ್ದೆ.

ಅನ್ವರ್ ಭಾಯ್ ತಮ್ಮ ಅಂಗಡಿಯ ಶುದ್ಧ ಕಂಪ್ಯೂಟರಿನಲ್ಲಿ ಸಿದ್ಧ ಮಾಡಿದ ಪೆನ್‌ಡ್ರೈವ್ ತಂದರು. ನನ್ನ ಕಂಪ್ಯೂಟರನ್ನು ಅದರಿಂದಲೇ ಶುರು ಮಾಡಿ, ಒಳಗಿನ ಯಾವುದೂ ಏಳದಂತೆ ಇಟ್ಟು, ಮೂಲೆ ಮೂಲೆ ಜಾಲಾಡಿದರು. ಸಿಕ್ಕಿದ್ದನ್ನು ಅಳಿಸಿದರು. ಮುಗಿಯಿತೆಂದು ನಾನು ಕಾಫಿ ತರಿಸಿದೆ. ಬೆಳಿಗ್ಗೆ ನೋಡಿದರೆ ಅದೇ ಹೆಸರು ಅದೇ ಪಟ್ಟಿಯಲ್ಲಿ ಮತ್ತೆ ಕೂತಿತ್ತು. ದಿನಕ್ಕೊಂದು ಸಲ ತನ್ನನ್ನು ತಾನೇ ಮತ್ತೆ ಹಾಕಿಕೊಳ್ಳುವಂತೆ ಇನ್ನೆಲ್ಲೋ ಒಂದು ವೇಳಾಪಟ್ಟಿ ಬರೆದಿಟ್ಟಿತ್ತಂತೆ. ಅದನ್ನೂ ತೆಗೆಯಬಹುದು, ಆದರೆ ಇನ್ನೊಂದು ಇಲ್ಲವೆಂದು ನಾನು ಆಣೆ ಮಾಡಲಾರೆ ಎಂದರು. ಪೂರ್ತಿ ಅಳಿಸಿ ಮೊದಲಿನಿಂದ ಹಾಕುವುದೇ ಸರಿ. ಪತ್ರ, ಫೋಟೋ ಮಾತ್ರ ಹೊರಗೆ ತೆಗೆದು, ಅವನ್ನೂ ಪರೀಕ್ಷಿಸಿ ಬೇರೆ ಕಡೆ ಇಟ್ಟರು. ಪ್ರೋಗ್ರಾಮು ಒಂದನ್ನೂ ಉಳಿಸಲಿಲ್ಲ, ನನ್ನ ಪ್ರೀತಿಯ ಅಕ್ಷರ ಬದಲಾಯಿಸುವುದನ್ನಂತೂ ಮುಟ್ಟಲೇ ಇಲ್ಲ. ಡಿಸ್ಕ್ ಪೂರ್ತಿ ಖಾಲಿ ಮಾಡಿ, ಕೊಂಡು ತಂದ ಅಸಲಿ ಸಿಸ್ಟಮ್ ಹಾಕಿ, ಬಾಕಿಯಿದ್ದ ಅಪ್‌ಡೇಟುಗಳನ್ನೆಲ್ಲ ಹಾಕಿದರು. ದಿನದ ಕೆಲಸಕ್ಕೆಂದು, ಹೊಸದೇನನ್ನೂ ಹಾಕಿಕೊಳ್ಳುವ ಅಧಿಕಾರವಿಲ್ಲದ ಒಂದು ಖಾತೆ ಮಾಡಿಕೊಟ್ಟರು. ಇಂಟರ್ನೆಟ್ ಡಬ್ಬದ ಪಾಸ್‌ವರ್ಡನ್ನೂ ಬದಲಾಯಿಸಿದರು. ಎರಡು ದಿನ ಹಿಡಿಯಿತು.

"ಮಿಷನ್ ಕೆಲ್ಸ ಆಯ್ತು. ಇನ್ನರ್ಧ ನಿಮ್ದು. ಆ ಫೈಲಲ್ಲಿದ್ದೋರ್ಗೆಲ್ಲ ಹೇಳ್ಬೇಕು," ಎಂದರು ಹೊರಡುವಾಗ.

ಯಾರಿಗೂ ಗೊತ್ತಿಲ್ಲವಲ್ಲ, ಸುಮ್ಮನೆ ಎಲ್ಲರದ್ದೂ ನಾನೇ ಬದಲಾಯಿಸಿಬಿಟ್ಟರೆ ಸಾಲದೇ ಎಂದೆ. ಅವರು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಹೊರಟರು.

ಮಿಕ್ಕವರಿಗೆ ಹೇಳಲು ಶ್ರಾವಣ ಪೂರ್ತಿ ಬೇಕಾಯಿತು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಕೆಲವರು ನಕ್ಕರು, ನಮ್ಮದನ್ನು ಕದ್ದು ಅವನಿಗೇನು ಸಿಗುತ್ತದೆ ಎಂದರು. ಕೆಲವರು ಅಂದಿನಿಂದ ಬೇರೆ ಅಂಗಡಿಗೆ ಹೋದರು. ಆದರೆ ಅವರೆಲ್ಲರಿಗೂ ಹೇಳುವ ಧೈರ್ಯ ಬಂದದ್ದು ಒಬ್ಬರಿಗೆ ಹೇಳಿದ ಮೇಲೆ.

ಹೊಸ ಸಿಸ್ಟಮ್ಮಿನಲ್ಲಿ ಇನ್ನೂ ಒಂದು ಅರ್ಜಿಯನ್ನೂ ಟೈಪಿಸಿರಲಿಲ್ಲ. ರುದ್ರಣ್ಣ ಒಂದು ಕಾಗದ ಹಿಡಿದು ಬಂದರು, ಕೈಬರಹದಲ್ಲಿ ಎರಡು ಪುಟ. ಟೈಪು ಮಾಡಿಕೊಡಬೇಕಂತೆ. ಓದಿದೆ. ಅಣ್ಣ ತಮ್ಮಂದಿರ ಪಾಲುಪತ್ರ. ಬಾವಿಯ ನೀರಿಗೆ ದಿನ ಹಂಚಿಕೆ, ಸಸಿಮಡಿ ಅಣ್ಣನಿಗೆ, ಕೊಟ್ಟಿಗೆ ತಮ್ಮನಿಗೆ. ಕೊನೆಯಲ್ಲಿ, ಬರುವ ಸೋಮವಾರ ಅಟ್ಟದ ಕಾಯಿ ಇಳಿಸಿ ಎರಡು ಪಾಲು ಮಾಡುವುದೆಂದು ಬರೆದಿತ್ತು.

ನಮ್ಮ ಕಡೆಯವರಿಗೆ ಇದರ ತೂಕ ಗೊತ್ತು. ಸಿಪ್ಪೆ ಸುಲಿಯದೆ ಅಟ್ಟಕ್ಕೆ ಹಾಕಿದ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲೇ ಇದ್ದು, ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗಬೇಕು. ಅಲ್ಲಿಯವರೆಗೆ ಅಟ್ಟವನ್ನು ಯಾರೂ ಕದಲಿಸುವುದಿಲ್ಲ. ಅಣ್ಣ ತಮ್ಮ ಎಷ್ಟೇ ಜಗಳವಾಡಿದರೂ ಅಟ್ಟ ಇಳಿಯಲಿ ಆಮೇಲೆ ನೋಡೋಣ ಅನ್ನುತ್ತಾರೆ, ಅಷ್ಟರಲ್ಲಿ ಅರ್ಧ ಜಗಳ ಆರಿಹೋಗುತ್ತದೆ. ಕಾಯಿ ಹಾಕಿದ ಆರನೇ ತಿಂಗಳಲ್ಲೇ ಅಟ್ಟ ಇಳಿಸುತ್ತೇವೆಂದರೆ ಮತ್ತೆ ಒಂದಾಗುವ ಮನಸ್ಸಿಲ್ಲವೆಂದೇ ಅರ್ಥ.

"ಬಸವರಾಜು ಏನಂದ?" ಎಂದು ಕೇಳಿದೆ.

"ನಾನಲ್ಲ ಅಂದ. ಕದ್ದೋನು ಇನ್ನೇನಂತಾನೆ ಬುಡು."

ಟೈಪಿಸಲು ಕೂತೆ. ದೇವರ ಹೆಸರು ಬರೆದೆ, ತಾರೀಖು ಬರೆದೆ, ರುದ್ರಣ್ಣನ ತಂದೆಯ ಹೆಸರು ಬರೆದೆ. ಬಸವರಾಜುವಿನ ತಂದೆಯ ಹೆಸರೂ ಅದೇ ತಾನೇ, ಅದನ್ನು ಎರಡನೇ ಸಲ ಟೈಪಿಸುವಾಗ ಕೈ ಓಡಲಿಲ್ಲ. ಅಲ್ಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಪ್ರಿಂಟರು ಕೆಟ್ಟಿದೆ, ನಾಳೆ ನಾನೇ ಊರಿಗೆ ತಂದುಕೊಡುತ್ತೇನೆ ಎಂದೆ. ಅವರು ಕಾಗದ ನನ್ನಲ್ಲೇ ಬಿಟ್ಟು, ಎಂದಿನಂತೆ ಛತ್ರಿಯನ್ನೂ ಬಿಟ್ಟು, ಹರಾಜಿನ ಕಡೆ ಹೋದರು.

ಮಾರನೆಯ ದಿನ ಅನ್ವರ್ ಭಾಯ್ ಅವರ ಲ್ಯಾಪ್‌ಟಾಪು ಕೇಳಿ ತೆಗೆದುಕೊಂಡು ಬೆಳಗಿನ ಬಸ್ಸಿಗೆ ಹೋದೆ. ಪುಷ್ಯ ಮಳೆ ಬಿಟ್ಟು ಬಿಟ್ಟು ಹನಿಯುತ್ತಿತ್ತು, ಹೊಲಗಳಲ್ಲಿ ರಾಗಿ ಬಿತ್ತನೆ ನಡೆದಿತ್ತು. ರುದ್ರಣ್ಣನ ಮನೆಯ ಜಗಲಿಯಲ್ಲಿ ಕೂತು, ಬಸವರಾಜುವನ್ನೂ ಕರೆಯಿರಿ ಎಂದೆ. ಅವರು ಕರೆಯಲಿಲ್ಲ. ನಾನೇ ಎದ್ದು ಪಕ್ಕದ ಬಾಗಿಲಿಗೆ ಹೋಗಿ ಕರೆತಂದೆ. ಅವನು ಅಣ್ಣನತ್ತ ನೋಡದೆ ಕಂಬಕ್ಕೆ ಒರಗಿ ನಿಂತ.

ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪುಕ್ಕಟೆ ತಂತ್ರಾಂಶದ ಆಸೆಗೆ ಕಾವಲು ತೆಗೆದವಳು ನಾನು. ಅದರ ಹಿಂದೆ ಬಂದವನು ನನ್ನ ಕಂಪ್ಯೂಟರಿನಲ್ಲಿದ್ದುಕೊಂಡು ನಿಮ್ಮ ಪಾಸ್‌ವರ್ಡ್ ನೋಡಿದ, ಬದಲಾಯಿಸಿದರೆ ಬದಲಾಯಿಸಿದ್ದನ್ನೂ ನೋಡಿದ. ನೀವೇ ಯಾರಿಗೋ ಹೇಳಿದಿರಿ ಎಂದದ್ದು ನನ್ನ ಸೊಕ್ಕು. ಗೊತ್ತಾದ ಮೇಲೂ ನಿನ್ನೆ ಸುಮ್ಮನಿದ್ದದ್ದು ನನ್ನ ಹೇಡಿತನ. ಬಸವರಾಜು ಏನೂ ಮಾಡಿಲ್ಲ.

ಬಸವರಾಜುವೇ ಮೊದಲು ಬಾಯಿ ತೆರೆದ.

"ನಾನಲ್ಲ ಅಂತ ಮೂರು ಸಲ ಅಂದೆ ಕಣಣ್ಣ."

ರುದ್ರಣ್ಣ ನೆಲ ನೋಡುತ್ತಾ "ಅಂದೆ ಕಣ್ಲಾ" ಎಂದರು. ಅಷ್ಟೇ. ಕ್ಷಮಿಸು ಅನ್ನುವ ಪದ ನಮ್ಮ ಕಡೆ ಅಣ್ಣ ತಮ್ಮಂದಿರ ನಡುವೆ ಬಳಕೆಯಲ್ಲಿಲ್ಲ. ಆಮೇಲೆ ನನ್ನ ಕೈಯಿಂದ ಪಾಲುಪತ್ರದ ಕಾಗದ ಇಸಿದುಕೊಂಡು ತಮ್ಮನ ಕಡೆ ಚಾಚಿದರು. ಅವನು ಅದನ್ನು ಓದಲೂ ಇಲ್ಲ, ಹರಿಯಲೂ ಇಲ್ಲ. ಲ್ಯಾಪ್‌ಟಾಪು ಇಟ್ಟಿದ್ದ ಸ್ಟೂಲು ಅಲ್ಲಾಡುತ್ತಿತ್ತು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಗಿಡ್ಡ ಕಾಲಿನ ಕೆಳಗೆ ಕೊಟ್ಟ.

ಬಸವರಾಜುವಿನ ಮೊಬೈಲಿನಿಂದ ಇಂಟರ್ನೆಟ್ ತೆಗೆದುಕೊಂಡೆವು. ಅಷ್ಟರಲ್ಲಿ ಕಳ್ಳ ಪಾಸ್‌ವರ್ಡನ್ನೇ ಬದಲಾಯಿಸಿಬಿಟ್ಟಿದ್ದ, ಆದರೆ ಖಾತೆಗೆ ಕೊಟ್ಟಿದ್ದ ಫೋನ್ ನಂಬರು ರುದ್ರಣ್ಣನದ್ದೇ ಉಳಿದಿತ್ತು. ಗುಂಡಿ ಫೋನಿಗೆ ಸಂಖ್ಯೆ ಬಂತು. ಬಸವರಾಜು ಅದನ್ನು ಓದಿ ಹೇಳಿದ, ನಾನು ಒತ್ತಿದೆ. ಆ ಖಾತೆ ಬೇರೆ ಎಲ್ಲೆಲ್ಲಿ ತೆರೆದಿತ್ತೋ ಅದನ್ನೆಲ್ಲ ಮುಚ್ಚಿಸಿದೆ. ಮುಂದೆ ಯಾರೇ ಹೊಸದಾಗಿ ಒಳಗೆ ಬರಬೇಕಾದರೂ ಆ ಫೋನಿಗೆ ಸಂಖ್ಯೆ ಬರುವಂತೆ ಮಾಡಿದೆ. ಕೊನೆಗೆ ಪರದೆಯ ಮೇಲೆ ಹೊಸ ಪಾಸ್‌ವರ್ಡಿನ ಖಾಲಿ ಜಾಗ ಬಂತು. ಅಭ್ಯಾಸಬಲದಿಂದ ನನ್ನ ಬೆರಳು ಅವರ ಹೆಸರಿನ ಮೊದಲ ಅಕ್ಷರದ ಮೇಲೆ ಹೋಗಿತ್ತು.

"ತಡಿ," ಎಂದರು ರುದ್ರಣ್ಣ. ಕನ್ನಡಕ ಹಾಕಿಕೊಂಡು ಸ್ಟೂಲಿನ ಮುಂದೆ ಬಂದು ಕೂತರು. ನಾನು ಎದ್ದು ಜಾಗ ಬಿಟ್ಟೆ. ಬಸವರಾಜು ಹೊರಡಲು ನೋಡಿದ.

"ನೀನೆಲ್ಲಿಗ್ಲಾ ಹೊಂಟೆ, ಇಲ್ಲೇ ಕುಂತ್ಕ," ಎಂದು ಅವನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಮೊದಲಿನಷ್ಟೇ ಅಕ್ಕರೆಯ ದನಿಯಲ್ಲಿ ಹೇಳಿದರು.

"ಶಾರದವ್ವ, ನೀನು ಒಸಿ ಆ ಕಡೆ ತಿರುಗ್ಕಳವ್ವ."

ಜಗಲಿಯ ತುದಿಗೆ ಹೋಗಿ ಅವರಿಗೆ ಬೆನ್ನು ಹಾಕಿ ನಿಂತೆ. ಮಳೆ ನಿಂತಿತ್ತು. ರುದ್ರಣ್ಣ ಒಂದೊಂದೇ ಅಕ್ಷರ ಹುಡುಕಿ ಒತ್ತುವ ಸದ್ದು ಹಿಂದಿನಿಂದ ಕೇಳುತ್ತಿತ್ತು. ಎಷ್ಟು ಸಲ ಒತ್ತಿದರೆಂದು ಎಣಿಸಬಾರದೆಂದು, ಎದುರಿನ ಸಸಿಮಡಿಯ ಸಾಲುಗಳನ್ನು ಎಣಿಸತೊಡಗಿದೆ.